ಹಳೆಯ ಹಣಕ್ಕೆ ಹಳೆಯ ಕಾನೂನು: ಅಮೆರಿಕದ ‘ಮುಂದೂಡಿದ ಸಂಬಳ’ ಹೇಳುವ ಪಾಠ

ಸರ್ಕಾರವೊಂದು ಹೊಸ ಕಾನೂನು ತಂದಾಗಲೆಲ್ಲ ಏಳುವ ಮೊದಲ ಪ್ರಶ್ನೆ, ಹಳೆಯ ನಿಯಮವನ್ನು ನಂಬಿ ನಡೆದವರ ಗತಿಯೇನು ಎಂಬುದು. ಹೊಸ ನಿಯಮವನ್ನು ಅವರ ಮೇಲೂ ಹೇರಿದರೆ ಅದು ವಿಶ್ವಾಸದ್ರೋಹವೆನಿಸುತ್ತದೆ. ಅವರನ್ನು ಪೂರ್ತಿ ಬಿಟ್ಟುಬಿಟ್ಟರೆ ಸುಧಾರಣೆಯೇ ಹಾಸ್ಯಾಸ್ಪದವಾಗುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಶಾಸಕರು ಜಗತ್ತಿನೆಲ್ಲೆಡೆ ಅನುಸರಿಸುವ ಉಪಾಯವೆಂದರೆ ಒಂದು ದಿನಾಂಕವನ್ನು ಗೊತ್ತುಮಾಡಿ ಗೆರೆ ಎಳೆಯುವುದು. ಗೆರೆಯ ಆಚೆಗಿನದಕ್ಕೆ ಹಳೆಯ ಕಾನೂನು, ಈಚೆಗಿನದಕ್ಕೆ ಹೊಸದು. ಇಂಗ್ಲಿಷಿನಲ್ಲಿ ಇದಕ್ಕೆ ‘ಗ್ರ್ಯಾಂಡ್‌ಫಾದರಿಂಗ್’ ಎಂಬ ಹೆಸರಿದೆ. ತಾತನ ಕಾಲದ ಹಕ್ಕಿಗೆ ಕೊಡುವ ರಕ್ಷಣೆ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು.

ಅಮೆರಿಕದಲ್ಲಿ ಉನ್ನತ ನೌಕರರ ಮುಂದೂಡಿದ ಸಂಬಳದ ವಿಚಾರದಲ್ಲಿ ಇಂತಹ ಗೆರೆಯೊಂದನ್ನು ಎಳೆದು ಎರಡು ದಶಕಗಳು ಸಂದಿವೆ. ಗೆರೆಯ ದಿನಾಂಕ 2004ರ ಡಿಸೆಂಬರ್ 31. ಅಂದು ನಲವತ್ತೈದರ ಆಸುಪಾಸಿನಲ್ಲಿದ್ದವರು ಇಂದು ನಿವೃತ್ತಿಯ ಹೊಸ್ತಿಲು ದಾಟುತ್ತಿದ್ದಾರೆ. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಕರ್ನಾಟಕದಿಂದ ಹೋಗಿ ಅಲ್ಲಿನ ಕಂಪನಿಗಳಲ್ಲಿ ಮೇಲಿನ ಹುದ್ದೆಗಳಿಗೆ ಏರಿದ ತಲೆಮಾರೂ ಇದೇ ವಯೋಮಾನದ್ದು. ಅವರ ಪಾಲಿಗೆ ಈ ನಿಯಮಗಳು ನಿವೃತ್ತಿಯ ಲೆಕ್ಕವನ್ನೇ ಏರುಪೇರು ಮಾಡಬಲ್ಲವು. ಇಲ್ಲಿರುವ ನಮಗೂ ಇದರಲ್ಲಿ ಕಲಿಯಬೇಕಾದದ್ದಿದೆ. ಏಕೆಂದರೆ ಪಿಂಚಣಿಯಿಂದ ಹಿಡಿದು ಷೇರು ತೆರಿಗೆಯವರೆಗೆ ಇಂತಹ ಗೆರೆಗಳನ್ನು ನಮ್ಮ ಸರ್ಕಾರಗಳೂ ಎಳೆದಿವೆ.

ಏನಿದು ಮುಂದೂಡಿದ ಸಂಬಳ?

ಅಮೆರಿಕದ ಸಾಮಾನ್ಯ ನೌಕರ 401(ಕೆ) ಎಂಬ ನಿವೃತ್ತಿ ಖಾತೆಯಲ್ಲಿ ಹಣ ಕೂಡಿಡುತ್ತಾನೆ. ಅದಕ್ಕೆ ವಾರ್ಷಿಕ ಮಿತಿಯಿದೆ. 2025ರಲ್ಲಿ ಐವತ್ತು ವರ್ಷದೊಳಗಿನ ನೌಕರನೊಬ್ಬ ತನ್ನ ಸಂಬಳದಿಂದ ಕಟ್ಟಬಹುದಾಗಿದ್ದ ಗರಿಷ್ಠ ಮೊತ್ತ 23,500 ಡಾಲರ್. ಲಕ್ಷಾಂತರ ಡಾಲರ್ ಸಂಪಾದಿಸುವ ಅಧಿಕಾರಿಗೆ ಇದು ಸಾಲದು. ಹಾಗಾಗಿ ಕಂಪನಿಗಳು ಇನ್ನೊಂದು ದಾರಿ ಕಂಡುಕೊಂಡವು. ‘ಈ ವರ್ಷದ ಬೋನಸ್ಸನ್ನು ಈಗ ಕೊಡಬೇಡಿ, ನಿವೃತ್ತನಾದ ಮೇಲೆ ಬೆಳವಣಿಗೆಯ ಸಹಿತ ಕೊಡಿ’ ಎಂದು ಅಧಿಕಾರಿ ಬರೆದುಕೊಡುತ್ತಾನೆ. ಕಂಪನಿ ಒಪ್ಪುತ್ತದೆ. ಹಣ ಕೈಸೇರದಿರುವುದರಿಂದ ಆದಾಯ ತೆರಿಗೆಯೂ ಮುಂದಕ್ಕೆ ಹೋಗುತ್ತದೆ. ಇದೇ ಡಿಫರ್ಡ್ ಕಾಂಪೆನ್ಸೇಷನ್ ಯೋಜನೆ.

ಇದರಲ್ಲಿ ಎರಡು ಘಟ್ಟಗಳನ್ನು ಬೇರ್ಪಡಿಸಿ ನೋಡಬೇಕು. ಮೊದಲನೆಯದು ವೆಸ್ಟಿಂಗ್, ಅಂದರೆ ಹಣದ ಮೇಲಿನ ಹಕ್ಕು ಸ್ಥಿರಗೊಳ್ಳುವುದು. ನಮ್ಮಲ್ಲಿ ಖಾಯಂ ನೌಕರನಿಗೆ ಸಾಮಾನ್ಯವಾಗಿ ಐದು ವರ್ಷ ಸೇವೆ ಪೂರೈಸಿದ ಮೇಲೆ ಗ್ರಾಚ್ಯುಟಿಯ ಹಕ್ಕು ಹುಟ್ಟುತ್ತದಲ್ಲವೇ, ಅದರಂತೆಯೇ ಇದು. ಅದಕ್ಕೂ ಮೊದಲು ಕೆಲಸ ಬಿಟ್ಟರೆ ಹಣ ಕೈತಪ್ಪುತ್ತದೆ. ಎರಡನೆಯದು ವಿತರಣೆ, ಅಂದರೆ ಹಣ ವಾಸ್ತವವಾಗಿ ಕೈಸೇರುವುದು. ಹಕ್ಕು ಸ್ಥಿರಗೊಂಡ ದಿನಕ್ಕೂ ಹಣ ಕೈಸೇರುವ ದಿನಕ್ಕೂ ನಡುವೆ ಹತ್ತಿಪ್ಪತ್ತು ವರ್ಷಗಳ ಅಂತರವಿರಬಹುದು. ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್ ತೆರಿಗೆಗಳು ಸಾಮಾನ್ಯವಾಗಿ ಮೊದಲ ಘಟ್ಟದಲ್ಲೇ ಬೀಳುತ್ತವೆ. ಆದಾಯ ತೆರಿಗೆ ಮಾತ್ರ ಎರಡನೆಯದಕ್ಕಾಗಿ ಕಾಯುತ್ತದೆ. ಕಾನೂನಿನ ಕಸರತ್ತೆಲ್ಲ ನಡೆಯುವುದು ಈ ಅಂತರದಲ್ಲೇ.

ಎನ್ರಾನ್ ಹುಟ್ಟಿಸಿದ ಕಾನೂನು

2004ಕ್ಕೆ ಮೊದಲು ಈ ಯೋಜನೆಗಳಿಗೆ ಬಿಗಿಯಾದ ಶಾಸನವೇ ಇರಲಿಲ್ಲ. ಹಳೆಯ ತೀರ್ಪುಗಳು, ತೆರಿಗೆ ಇಲಾಖೆಯ ಬಿಡಿ ಆದೇಶಗಳೇ ಆಧಾರವಾಗಿದ್ದವು. 1978ರಲ್ಲಿ ಅಲ್ಲಿನ ಸಂಸತ್ತು, ಆ ವರ್ಷದ ಫೆಬ್ರುವರಿ 1ರಂದು ಇದ್ದ ತತ್ತ್ವಗಳೇ ಖಾಸಗಿ ಕಂಪನಿಗಳ ಯೋಜನೆಗಳಿಗೆ ಮುಂದುವರಿಯಲಿ ಎಂದು ಹೇಳಿ ಇಲಾಖೆಯ ಕೈ ಕಟ್ಟಿತ್ತು. ಈ ಸಡಿಲಿನಲ್ಲಿ ಬೆಳೆದದ್ದೇ ‘ಹೇರ್‌ಕಟ್’ ಎಂಬ ಸೌಲಭ್ಯ. ಅಧಿಕಾರಿ ಬೇಕೆಂದಾಗ ಹಣ ಹಿಂಪಡೆಯಬಹುದು, ಅದಕ್ಕೆ ದಂಡವಾಗಿ ಸಾಮಾನ್ಯವಾಗಿ ಶೇ 10ರಷ್ಟನ್ನು ಕಂಪನಿಗೆ ಬಿಟ್ಟುಕೊಟ್ಟರೆ ಸಾಕು. ಮುಳುಗುವ ಹಡಗಿನಲ್ಲಿ ಕುಳಿತವನಿಗೆ ಹತ್ತರಲ್ಲೊಂದು ಪಾಲು ಕಳೆದುಕೊಂಡು ದಡ ಸೇರುವುದು ದುಬಾರಿಯೇನಲ್ಲ.

ಮಹಾರಾಷ್ಟ್ರದ ದಾಭೋಳ್ ವಿದ್ಯುತ್ ಯೋಜನೆಯಿಂದಾಗಿ ನಮಗೂ ಪರಿಚಿತವಾಗಿದ್ದ ಎನ್ರಾನ್ ಕಂಪನಿ 2001ರ ಡಿಸೆಂಬರ್ 2ರಂದು ದಿವಾಳಿ ಅರ್ಜಿ ಸಲ್ಲಿಸಿತು. ಅದಕ್ಕೂ ಮುಂಚಿನ ವಾರಗಳಲ್ಲಿ ಆಯ್ದ ಅಧಿಕಾರಿಗಳು ತಮ್ಮ ಮುಂದೂಡಿದ ಸಂಬಳದ ಖಾತೆಗಳಿಂದ 5.3 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ಅವಧಿಗೆ ಮೊದಲೇ ಪಡೆದುಕೊಂಡಿದ್ದರು ಎಂಬುದು ಅಮೆರಿಕ ಸಂಸತ್ತಿನ ತೆರಿಗೆ ಸಮಿತಿಯ 2003ರ ತನಿಖಾ ವರದಿಯಿಂದ ಬಯಲಾಯಿತು. ಅದೇ ಅವಧಿಯಲ್ಲಿ ಸಾಮಾನ್ಯ ನೌಕರರ 401(ಕೆ) ಖಾತೆಗಳು ನಿರ್ವಾಹಕರ ಬದಲಾವಣೆಯ ಕಾರಣಕ್ಕೆ ಕೆಲಕಾಲ ಸ್ತಬ್ಧವಾಗಿದ್ದವು. ಅವುಗಳಲ್ಲಿದ್ದ ಕಂಪನಿಯ ಷೇರುಗಳು ಕಾಗದದ ಚೂರುಗಳಾದವು.

ಜನಾಕ್ರೋಶದ ಫಲವಾಗಿ ಬಂದದ್ದು ಅಮೆರಿಕನ್ ಜಾಬ್ಸ್ ಕ್ರಿಯೇಷನ್ ಕಾಯ್ದೆ. ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ 2004ರ ಅಕ್ಟೋಬರ್ 22ರಂದು ಇದಕ್ಕೆ ಅಂಕಿತ ಹಾಕಿದರು. ತೆರಿಗೆ ಸಂಹಿತೆಗೆ 409ಎ ಎಂಬ ಕಲಮು ಸೇರಿತು. 2007ರ ಏಪ್ರಿಲ್‌ನಲ್ಲಿ ಅಂತಿಮ ನಿಯಮಾವಳಿ ಹೊರಬಿತ್ತು. ದಾಖಲೆಗಳನ್ನು ಅದಕ್ಕೆ ಸರಿಹೊಂದಿಸಲು ಕಂಪನಿಗಳಿಗೆ 2008ರ ಅಂತ್ಯದವರೆಗೆ ಸಮಯ ದೊರೆಯಿತು.

ಹೊಸ ಕಲಮಿನ ಪ್ರಕಾರ ಹಣ ಕೊಡಲು ಆರೇ ಸಂದರ್ಭಗಳಿವೆ: ನೌಕರಿಯಿಂದ ಬಿಡುಗಡೆ, ಅಂಗವೈಕಲ್ಯ, ಸಾವು, ಮೊದಲೇ ಗೊತ್ತುಪಡಿಸಿದ ದಿನ ಅಥವಾ ಕಂತು, ಕಂಪನಿಯ ಒಡೆತನದ ಬದಲಾವಣೆ ಹಾಗೂ ನಿರೀಕ್ಷಿಸಲಾಗದ ತುರ್ತು ಕಷ್ಟ. ಷೇರುಪೇಟೆಯಲ್ಲಿರುವ ಕಂಪನಿಯ ಪ್ರಮುಖ ಅಧಿಕಾರಿ ಕೆಲಸ ಬಿಟ್ಟರೆ ಆರು ತಿಂಗಳು ಕಾಯಲೇಬೇಕು. ಗೊತ್ತಾದ ದಿನವನ್ನು ಮುಂದಕ್ಕೆ ಹಾಕಬೇಕೆಂದರೆ ಹನ್ನೆರಡು ತಿಂಗಳು ಮೊದಲೇ ಬರೆದುಕೊಡಬೇಕು, ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಮುಂದಕ್ಕೆ ಹಾಕಬೇಕು. ಹಿಂದಕ್ಕೆ ತರಲು, ನಿಯಮಾವಳಿಯೇ ಒಪ್ಪಿದ ಕೆಲವು ವಿನಾಯಿತಿಗಳ ಹೊರತು, ಅವಕಾಶವಿಲ್ಲ. ಹೇರ್‌ಕಟ್ ನಿಷಿದ್ಧ.

ಎರಡು ದಿನಾಂಕಗಳ ಗೆರೆ

ಆದರೆ ಈ ಕಟ್ಟಳೆಗಳೆಲ್ಲ ಯಾವ ಹಣಕ್ಕೆ? ಇಲ್ಲಿಯೇ ತಾತನ ಕಾಲದ ರಕ್ಷಣೆಯ ಪ್ರವೇಶ. 2004ರ ಡಿಸೆಂಬರ್ 31ರ ವೇಳೆಗೆ ಗಳಿಸಿ, ಹಕ್ಕೂ ಸ್ಥಿರಗೊಂಡಿದ್ದ ಹಣಕ್ಕೆ 409ಎ ಅನ್ವಯಿಸುವುದಿಲ್ಲ. ಆ ಹಣದ ಮೇಲೆ ಆನಂತರ ಬಂದ ಬೆಳವಣಿಗೆಗೂ ಇದೇ ರಕ್ಷಣೆ ಇದೆ. ಆದರೆ ಒಂದು ಷರತ್ತು: 2004ರ ಅಕ್ಟೋಬರ್ 3ರ ನಂತರ ಯೋಜನೆಗೆ ಗಣನೀಯ ಮಾರ್ಪಾಡು ಆಗಿರಬಾರದು.

ಗಳಿಸಿದ್ದರೆ ಸಾಲದು, ಹಕ್ಕು ಸ್ಥಿರಗೊಂಡಿರಲೇಬೇಕು ಎಂಬ ಮಾತಿನ ತೂಕವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ಕಂಪನಿಯೊಂದು ತನ್ನ ಅಧಿಕಾರಿಗೆ 2002ರ ಕೊನೆಯಲ್ಲಿ ಒಂದು ಲಕ್ಷ ಡಾಲರನ್ನು ಮುಂದೂಡಿದ ಸಂಬಳವಾಗಿ ಘೋಷಿಸಿತೆನ್ನಿ. ಪ್ರತಿ ವರ್ಷದ ಡಿಸೆಂಬರಿನಲ್ಲಿ ಐದನೆಯ ಒಂದು ಭಾಗದ ಹಕ್ಕು ಸ್ಥಿರಗೊಳ್ಳುತ್ತದೆ. 2003 ಮತ್ತು 2004ರ ಎರಡು ಕಂತು ಸೇರಿ 40 ಸಾವಿರ ಡಾಲರ್ ಗೆರೆಯ ಆಚೆಗೆ ಉಳಿಯಿತು. ಉಳಿದ 60 ಸಾವಿರ ಈಚೆಗೆ ಬಿತ್ತು. ಒಂದೇ ಪತ್ರ, ಒಂದೇ ಸಹಿ, ಒಂದೇ ವಾಗ್ದಾನ. ಆದರೂ ಹಣ ಎರಡು ಕಾನೂನುಗಳ ಪಾಲಾಯಿತು. ನಿವೃತ್ತಿಯವರೆಗೂ ಎರಡಕ್ಕೂ ಬೇರೆ ಬೇರೆ ಲೆಕ್ಕ ಇಡಬೇಕಾಯಿತು. ಇಪ್ಪತ್ತು ವರ್ಷಗಳಲ್ಲಿ ಕಂಪನಿ ಮಾರಾಟವಾಗಿ, ವಿಲೀನವಾಗಿ, ಲೆಕ್ಕಪತ್ರದ ತಂತ್ರಾಂಶ ಬದಲಾಗಿ ಹೋದ ಕಡೆಗಳಲ್ಲಿ ಈ ಪ್ರತ್ಯೇಕತೆಯನ್ನು ಕಾಯ್ದುಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ವಿವರಿಸಬೇಕಿಲ್ಲ.

ನಿಗದಿತ ಪಿಂಚಣಿಯ ರೂಪದ ಯೋಜನೆಗಳಲ್ಲಿ ಲೆಕ್ಕ ಇನ್ನೂ ಸೂಕ್ಷ್ಮ. 2004ರ ಡಿಸೆಂಬರ್ 31ರಂದು ನೌಕರ ಸ್ವಇಚ್ಛೆಯಿಂದ ಕೆಲಸ ಬಿಟ್ಟಿದ್ದರೆ ಅವನಿಗೆ ಏನು ಸಿಗುತ್ತಿತ್ತೋ ಅದರ ಅಂದಿನ ಮೌಲ್ಯಕ್ಕೆ ರಕ್ಷಣೆಯುಂಟು. ಆನಂತರದ ಸೇವೆಯಿಂದ, ಸಂಬಳದ ಏರಿಕೆಯಿಂದ ಹೆಚ್ಚಿದ್ದಕ್ಕಿಲ್ಲ. ಒಟ್ಟಿನಲ್ಲಿ ಕಾನೂನು ರಕ್ಷಿಸಿದ್ದು ಅಂದು ಕೈಗೂಡಿದ್ದ ಹಕ್ಕನ್ನೇ ಹೊರತು ಮುಂದಿನ ನಿರೀಕ್ಷೆಯನ್ನಲ್ಲ.

ಮುಟ್ಟಿದರೆ ಮುನಿ

ಈ ರಕ್ಷಣೆಯ ಸ್ವಭಾವ ಮುಟ್ಟಿದರೆ ಮುನಿ ಗಿಡದಂತಹದು. ಹಳೆಯ ಯೋಜನೆಗೆ ಹೊಸ ಸೌಲಭ್ಯವೊಂದನ್ನು ಸೇರಿಸಿದರೆ ಅಥವಾ ಇದ್ದ ಸೌಲಭ್ಯವನ್ನು ಗಣನೀಯವಾಗಿ ಹಿಗ್ಗಿಸಿದರೆ ಅದು ಗಣನೀಯ ಮಾರ್ಪಾಡಾಗುತ್ತದೆ. ಆಗ ಹಳೆಯ ಹಣವೂ ಹೊಸ ಕಾನೂನಿನ ಹಿಡಿತಕ್ಕೆ ಬರುತ್ತದೆ. ಗೆರೆಯ ಆಚೆಗೆ ಸೇರಿಸಿಕೊಳ್ಳುವ ಉದ್ದೇಶದಿಂದ ಹಕ್ಕು ಸ್ಥಿರಗೊಳ್ಳುವ ದಿನವನ್ನು ವಿವೇಚನಾಧಿಕಾರದಿಂದ 2004ರ ಡಿಸೆಂಬರ್ 31ಕ್ಕೆ ಅಥವಾ ಅದಕ್ಕೂ ಹಿಂದಕ್ಕೆ ಎಳೆದುಕೊಂಡರೆ ಅದೂ ಮಾರ್ಪಾಡೇ. ಕೊನೆಯ ಗಳಿಗೆಯಲ್ಲಿ ಬಾಗಿಲು ತೆರೆಯುವ ಜಾಣತನವನ್ನು ಶಾಸಕರು ಮೊದಲೇ ಊಹಿಸಿದ್ದರು ಎನ್ನಬೇಕು.

ಸೌಲಭ್ಯವನ್ನು ಕಡಿತಗೊಳಿಸಿದರೆ, ಉದಾಹರಣೆಗೆ ಹೇರ್‌ಕಟ್ ಅವಕಾಶವನ್ನೇ ತೆಗೆದುಹಾಕಿದರೆ, ರಕ್ಷಣೆಗೆ ಬಾಧಕವಿಲ್ಲ. ಯೋಜನೆಯಲ್ಲಿ ಮೊದಲೇ ಇದ್ದ ವಿವೇಚನಾಧಿಕಾರವನ್ನು ಬಳಸಿದರೂ ಸಾಮಾನ್ಯವಾಗಿ ತೊಂದರೆಯಿಲ್ಲ. ತಪ್ಪಾಗಿ ಸೇರಿಸಿದ ಸೌಲಭ್ಯವನ್ನು ಯಾರೂ ಬಳಸುವ ಮೊದಲೇ, ಅದೇ ತೆರಿಗೆ ವರ್ಷದೊಳಗೆ ಹಿಂತೆಗೆದುಕೊಂಡರೆ ಕ್ಷಮೆಯುಂಟು.

ಎಡವಿದರೆ ಬೀಳುವ ಪೆಟ್ಟು ಸಣ್ಣದಲ್ಲ. 409ಎ ಉಲ್ಲಂಘನೆಯಾದರೆ, ಹಕ್ಕು ಸ್ಥಿರಗೊಂಡ ಹಣವೆಲ್ಲ ಕೈಸೇರದಿದ್ದರೂ ಆ ವರ್ಷದ ಆದಾಯವೆಂದೇ ಪರಿಗಣಿತವಾಗುತ್ತದೆ. ಅದರ ಮೇಲೆ ಶೇ 20ರ ಹೆಚ್ಚುವರಿ ತೆರಿಗೆ, ಜತೆಗೆ ಸಾಮಾನ್ಯ ದರಕ್ಕಿಂತ ಒಂದು ಅಂಶ ಹೆಚ್ಚಿನ ಬಡ್ಡಿ. ನಮ್ಮ ಉದಾಹರಣೆಯ 60 ಸಾವಿರ ಡಾಲರಿಗೆ ಕೇಂದ್ರದ ಗರಿಷ್ಠ ದರವಾದ ಶೇ 37ರಂತೆ 22,200 ಡಾಲರ್, ಶೇ 20ರಂತೆ 12,000 ಡಾಲರ್, ಒಟ್ಟು 34,200 ಡಾಲರ್ ತೆರಿಗೆಗೇ ಹೋಗುತ್ತದೆ. ಬಡ್ಡಿ ಮತ್ತು ರಾಜ್ಯದ ತೆರಿಗೆ ಬೇರೆ. ನಮ್ಮವರು ಬಹುಸಂಖ್ಯೆಯಲ್ಲಿರುವ ಕ್ಯಾಲಿಫೋರ್ನಿಯಾ ತನ್ನದೇ ಹೆಚ್ಚುವರಿ ತೆರಿಗೆಯನ್ನೂ ಹೇರುತ್ತದೆ. ಅದು ಮೊದಲು ಶೇ 20ರಷ್ಟಿತ್ತು, 2013ರಿಂದ ಶೇ 5ಕ್ಕೆ ಇಳಿಯಿತು.

ಇದರಲ್ಲಿ ಎದ್ದು ಕಾಣುವ ವೈಪರೀತ್ಯವೊಂದಿದೆ. ಯೋಜನೆಯ ದಾಖಲೆ ಬರೆಯುವುದು ಕಂಪನಿ, ಲೆಕ್ಕ ಇಡುವುದು ಕಂಪನಿ, ಪಾವತಿಯ ದಿನ ತಪ್ಪಿಸುವುದೂ ಬಹುಪಾಲು ಕಂಪನಿಯೇ. ಆದರೆ ಹೆಚ್ಚುವರಿ ತೆರಿಗೆ ತೆರಬೇಕಾದವನು ನೌಕರ. ಎನ್ರಾನ್‌ನ ದೊಡ್ಡ ಅಧಿಕಾರಿಗಳನ್ನು ಕಣ್ಣೆದುರಿಗಿಟ್ಟುಕೊಂಡು ಹೆಣೆದ ಬಲೆಗೆ ಮಧ್ಯಮ ಸ್ತರದ ವ್ಯವಸ್ಥಾಪಕನೂ ಬೀಳಬಹುದು.

ರಕ್ಷಣೆ ತೆರಿಗೆಯಿಂದ, ದಿವಾಳಿಯಿಂದಲ್ಲ

ಗೆರೆಯ ಆಚೆಗಿರುವ ಹಳೆಯ ಹಣದ ಒಡೆಯರು ನಿಶ್ಚಿಂತರೇ? ತೆರಿಗೆಯ ದೃಷ್ಟಿಯಿಂದ ಹೌದು. ಹಳೆಯ ಯೋಜನೆಯಲ್ಲಿ ಅವಕಾಶವಿದ್ದರೆ ಅವರು ಇಂದಿಗೂ ಶೇ 10 ಬಿಟ್ಟುಕೊಟ್ಟು ಬೇಕೆಂದಾಗ ಹಣ ಪಡೆಯಬಹುದು. ಆರು ತಿಂಗಳ ಕಾಯುವಿಕೆ ಅವರಿಗೆ ಅನ್ವಯಿಸುವುದಿಲ್ಲ. ಯಾವ ಸೌಲಭ್ಯದ ದುರುಪಯೋಗ ಈ ಕಾನೂನನ್ನು ಹುಟ್ಟಿಸಿತೋ ಅದೇ ಸೌಲಭ್ಯ ಹಳೆಯ ಹಣಕ್ಕೆ ಉಳಿದುಕೊಂಡಿರುವುದು ವಿಪರ್ಯಾಸವೇ ಸರಿ.

ಆದರೆ ಹಣ ಸುರಕ್ಷಿತವೇ ಎಂದು ಕೇಳಿದರೆ ಉತ್ತರ ಬೇರೆ. ತೆರಿಗೆ ಮುಂದೂಡಬೇಕೆಂದರೆ ಹಣ ಕಂಪನಿಯ ಸ್ವತ್ತಾಗಿಯೇ ಉಳಿಯಬೇಕು ಎಂಬುದು ಮೂಲ ತತ್ತ್ವ. ನೌಕರನ ಕೈಯಲ್ಲಿರುವುದು ಬರಿಯ ವಾಗ್ದಾನ. ಕೆಲವು ಕಂಪನಿಗಳು ಹಣವನ್ನು ‘ರಬ್ಬಿ ಟ್ರಸ್ಟ್’ನಲ್ಲಿ ಇಡುತ್ತವೆ. ಯಹೂದಿ ಧರ್ಮಗುರುವೊಬ್ಬರಿಗಾಗಿ ಅವರ ಸಮುದಾಯ ಮಾಡಿದ ಏರ್ಪಾಟಿಗೆ 1980ರಲ್ಲಿ ತೆರಿಗೆ ಇಲಾಖೆ ಒಪ್ಪಿಗೆ ಕೊಟ್ಟದ್ದರಿಂದ ಈ ಹೆಸರು ಬಂತು. ಮಾತು ತಪ್ಪುವ ಆಡಳಿತ ಮಂಡಳಿಯಿಂದ ಈ ಟ್ರಸ್ಟ್ ಕಾಪಾಡೀತು, ದಿವಾಳಿಯಿಂದ ಕಾಪಾಡದು. ಕಂಪನಿ ಮುಳುಗಿದರೆ ನೌಕರನೂ ಭದ್ರತೆಯಿಲ್ಲದ ಸಾಲಗಾರರ ಸಾಲಿನಲ್ಲಿ ನಿಲ್ಲಬೇಕು. ಹಕ್ಕು ಸ್ಥಿರಗೊಂಡಿದೆ ಎಂಬ ಮಾತಿಗೆ ಇರುವ ಅರ್ಥ ಇಷ್ಟೇ: ಕೆಲಸ ಬಿಟ್ಟರೂ ಹಕ್ಕು ಹೋಗದು. ಹಣ ಇದ್ದೇ ಇರುತ್ತದೆ ಎಂಬ ಭರವಸೆ ಅದರಲ್ಲಿಲ್ಲ.

ಇಳಿವಯಸ್ಸಿನಲ್ಲಿ ತಾಯ್ನಾಡಿಗೆ ಮರಳುವ ಅನಿವಾಸಿ ಕನ್ನಡಿಗರು ಇನ್ನೊಂದು ಅಂಶವನ್ನೂ ನೆನಪಿಡಬೇಕು. ಭಾರತದ ಸಾಮಾನ್ಯ ನಿವಾಸಿಯೆಂಬ ಸ್ಥಾನ ಮರಳಿ ಬಂದ ಮೇಲೆ ವಿದೇಶದ ಆದಾಯವನ್ನೂ ಇಲ್ಲಿ ಘೋಷಿಸಬೇಕಾಗುತ್ತದೆ. ಎರಡೂ ದೇಶಗಳ ತೆರಿಗೆ ಒಪ್ಪಂದದ ಪರಿಹಾರ ದೊರೆಯಬೇಕಾದರೆ ಕಾಗದಪತ್ರ ಸರಿಯಿರಬೇಕು. ಹಳೆಯ ಹಣವೆಷ್ಟು, ಹೊಸ ಹಣವೆಷ್ಟು, 2004ರ ಅಕ್ಟೋಬರ್ ನಂತರ ಯೋಜನೆಯಲ್ಲಿ ಏನೇನು ಬದಲಾಯಿತು ಎಂಬುದನ್ನು ಕೆಲಸ ಬಿಡುವ ಮೊದಲೇ ಕಂಪನಿಯಿಂದ ಲಿಖಿತವಾಗಿ ಪಡೆದಿಟ್ಟುಕೊಳ್ಳುವುದು ವಿವೇಕ.

ಗಡುವಿರುವ ರಿಯಾಯಿತಿ, ಗಡುವಿಲ್ಲದ ರಿಯಾಯಿತಿ

ತಾತನ ಹೆಸರಿನ ರಿಯಾಯಿತಿಗಳೆಲ್ಲ ನ್ಯಾಯಸಮ್ಮತವಾಗಿಯೇನೂ ಇರಲಿಲ್ಲ. ಈ ಪದದ ಹುಟ್ಟೇ ಕಹಿಯಾದದ್ದು. 1898ರಲ್ಲಿ ಲೂಸಿಯಾನಾ ರಾಜ್ಯ ಮತದಾರರಿಗೆ ಅಕ್ಷರಜ್ಞಾನದ ಅಥವಾ ಆಸ್ತಿಯ ಅರ್ಹತೆ ವಿಧಿಸಿತು. ಆದರೆ 1867ರ ಜನವರಿ 1ರಂದು ಅಥವಾ ಅದಕ್ಕೂ ಮೊದಲು ಮತದಾನದ ಹಕ್ಕಿದ್ದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ವಿನಾಯಿತಿ ಕೊಟ್ಟಿತು. ಅಂದು ಕರಿಯರಿಗೆ ಅಲ್ಲಿ ಮತದಾನದ ಹಕ್ಕಿರಲಿಲ್ಲ. ಹೀಗೆ ಒಂದು ದಿನಾಂಕದಿಂದಲೇ ಒಂದು ಜನಾಂಗವನ್ನು ಹೊರಗಿಡಲಾಯಿತು. ಓಕ್ಲಹೋಮಾದ ಇಂಥದೇ ನಿಯಮವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1915ರಲ್ಲಿ ರದ್ದುಗೊಳಿಸಿತು. ದಿನಾಂಕವೆಂಬುದು ನಿಷ್ಪಕ್ಷಪಾತವಾಗಿ ಕಾಣುತ್ತದೆ. ಆದರೆ ಗೆರೆಯ ಆಚೆ ಯಾರಿದ್ದಾರೆ ಎಂಬುದನ್ನು ಎಣಿಸಿದಾಗಲೇ ಅದರ ಒಳಗುಟ್ಟು ತಿಳಿಯುವುದು.

ಮುಂದೂಡಿದ ಸಂಬಳದ ವಿಷಯದಲ್ಲೇ ಇನ್ನೊಂದು ಮಾದರಿಯೂ ಇದೆ. 2008ರ ಆರ್ಥಿಕ ಕುಸಿತದ ವೇಳೆ ಬಂದ 457ಎ ಕಲಮು, ತೆರಿಗೆಯಿಲ್ಲದ ದ್ವೀಪಗಳಲ್ಲಿ ನೋಂದಾಯಿತವಾದ ನಿಧಿಗಳಿಂದ ಹೆಜ್ ಫಂಡ್ ವ್ಯವಸ್ಥಾಪಕರು ಶುಲ್ಕವನ್ನು ವರ್ಷಗಟ್ಟಲೆ ಮುಂದೂಡುವುದಕ್ಕೆ ತಡೆ ಹಾಕಿತು. 2009ಕ್ಕೆ ಮೊದಲಿನ ಸೇವೆಯ ಹಣಕ್ಕೆ ರಿಯಾಯಿತಿ ಸಿಕ್ಕಿತಾದರೂ ಅದು ಶಾಶ್ವತವಾಗಿರಲಿಲ್ಲ. ಸಾಮಾನ್ಯವಾಗಿ 2017ರ ತೆರಿಗೆ ವರ್ಷದೊಳಗೆ ಅದನ್ನು ಆದಾಯವೆಂದು ತೋರಿಸಲೇಬೇಕಿತ್ತು. ಹಳಬರ ನಂಬಿಕೆಯನ್ನು ಉಳಿಸಿಕೊಂಡೇ ಸುಧಾರಣೆಯನ್ನು ಪೂರ್ಣಗೊಳಿಸಿದ ಕ್ರಮವಿದು. 2004ರ ಕಾನೂನಿನಲ್ಲಿ ಇಂತಹ ಗಡುವು ಇಲ್ಲದಿರುವುದರಿಂದಲೇ ಎರಡು ಲೆಕ್ಕಗಳ ಭಾರ ಇನ್ನೂ ಮುಂದುವರಿದಿದೆ.

ನಮ್ಮಲ್ಲಿಯೂ ಇದೇ ಪ್ರಶ್ನೆ

ಇದೆಲ್ಲ ದೂರದ ದೇಶದ, ದೊಡ್ಡ ಸಂಬಳದವರ ಕಥೆ ಎಂದು ತಳ್ಳಿಹಾಕುವಂತಿಲ್ಲ. 2018ರ ಬಜೆಟ್‌ನಲ್ಲಿ ಷೇರುಗಳ ದೀರ್ಘಾವಧಿ ಲಾಭಕ್ಕೆ ತೆರಿಗೆ ಮರಳಿದಾಗ, ಆ ವರ್ಷದ ಜನವರಿ 31ರವರೆಗಿನ ಲಾಭಕ್ಕೆ ರಕ್ಷಣೆ ಕೊಟ್ಟದ್ದು ಇದೇ ತತ್ತ್ವದ ಮೇಲೆ. ಅದಕ್ಕಿಂತ ಹೆಚ್ಚು ಜನರ ಬದುಕಿಗೆ ತಟ್ಟಿದ ಗೆರೆ ಪಿಂಚಣಿಯದು. ಕೇಂದ್ರದಲ್ಲಿ 2004ರ ಜನವರಿ 1, ಕರ್ನಾಟಕದಲ್ಲಿ 2006ರ ಏಪ್ರಿಲ್ 1. ಆನಂತರ ಸೇರಿದವರಿಗೆ ಹಳೆಯ ನಿಶ್ಚಿತ ಪಿಂಚಣಿಯ ಬದಲಿಗೆ ಎನ್‌ಪಿಎಸ್ ಬಂತು.

ಈ ಗೆರೆಯೂ ‘ಹಕ್ಕು ಹುಟ್ಟಿದ್ದು ಯಾವಾಗ’ ಎಂಬ ಪ್ರಶ್ನೆಯ ಮೇಲೆಯೇ ಎಡವಿತು. ನೇಮಕಾತಿ ಅಧಿಸೂಚನೆ ಗೆರೆಗೆ ಮೊದಲು ಹೊರಬಿದ್ದು, ಆಡಳಿತದ ವಿಳಂಬದಿಂದ ಆದೇಶ ಪತ್ರ ಗೆರೆಯ ನಂತರ ಕೈಸೇರಿದವರು ಯಾವ ಕಡೆಗೆ ಸೇರಬೇಕು? ಅಂಥವರ ಹೋರಾಟ ವರ್ಷಗಟ್ಟಲೆ ನಡೆಯಿತು. ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ಇಂತಹವರಿಗೆ ಹಳೆಯ ಪಿಂಚಣಿಯ ಆಯ್ಕೆ ಕೊಟ್ಟಿತು. ಕರ್ನಾಟಕ ಸರ್ಕಾರವೂ 2024ರ ಜನವರಿಯಲ್ಲಿ ಇದೇ ದಾರಿ ಹಿಡಿದು ಸುಮಾರು 13 ಸಾವಿರ ನೌಕರರನ್ನು ಹಳೆಯ ವ್ಯವಸ್ಥೆಗೆ ತಂದಿತು. ಗೆರೆ ಎಳೆಯುವ ದಿನವೇ ಈ ಪ್ರಶ್ನೆಗೆ ಉತ್ತರ ಬರೆದಿಟ್ಟಿದ್ದರೆ ಸುಮಾರು ಹದಿನೆಂಟು ವರ್ಷಗಳ ಅನಿಶ್ಚಿತತೆ ತಪ್ಪುತ್ತಿತ್ತು.

ಅಮೆರಿಕದ ಕಾನೂನಿನ ದೋಷಗಳು ಅನೇಕ. ಆದರೆ ಒಂದು ಗುಣವನ್ನು ಒಪ್ಪಬೇಕು. ಯಾವ ಹಣ, ಯಾವ ದಿನ, ಯಾವ ಬದಲಾವಣೆಯಿಂದ ರಕ್ಷಣೆ ಹೋಗುತ್ತದೆ ಎಂಬುದನ್ನು ಅದು ಉದಾಹರಣೆಗಳ ಸಹಿತ ಬರೆದಿಟ್ಟಿತು. ನಿಯಮ ಕಠಿಣವಾಗಿದ್ದರೂ ಯಾರು ಯಾವ ಕಡೆಗಿದ್ದಾರೆಂಬುದು ಓದಿದವನಿಗೆ ತಿಳಿಯುತ್ತದೆ. ನಮ್ಮಲ್ಲಿ ಗೆರೆ ಎಳೆಯುವುದು ಆದೇಶ, ವಿವರಿಸುವುದು ಸುತ್ತೋಲೆ, ಇತ್ಯರ್ಥ ಮಾಡುವುದು ನ್ಯಾಯಾಲಯ ಎಂಬಂತಾಗಿದೆ.

ಸರ್ಕಾರಗಳು ನಿಯಮ ಬದಲಿಸುವುದನ್ನು ಯಾರೂ ತಡೆಯಲಾಗದು, ತಡೆಯಬೇಕಾದದ್ದೂ ಅಲ್ಲ. ಆದರೆ ದುಡಿದವನು ತನ್ನ ದುಡಿಮೆಯ ಒಂದು ಪಾಲನ್ನು ನಾಳೆಗೆಂದು ಬಿಟ್ಟುಕೊಟ್ಟಾಗ, ಆ ಪಾಲು ಯಾವ ದಿನದಿಂದ ತನ್ನದಾಯಿತು, ಯಾವ ದಿನ ಕೈಸೇರುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಪಡೆಯುವುದು ಅವನ ಹಕ್ಕು. ಮುಂದಿನ ಸಲ ಪಿಂಚಣಿಗೋ ಭವಿಷ್ಯನಿಧಿಗೋ ಹೊಸ ದಿನಾಂಕ ಗೊತ್ತಾಗುವಾಗ ನೌಕರ ಸಂಘಟನೆಗಳು ಮೊದಲು ಕೇಳಬೇಕಾದದ್ದು ಈ ಎರಡು ಪ್ರಶ್ನೆಗಳನ್ನೇ. ಉತ್ತರ ಆದೇಶದ ಒಳಗೇ ಇರಬೇಕು, ಅದರ ಬೆನ್ನಿಗೆ ಬರುವ ಸುತ್ತೋಲೆಯಲ್ಲಲ್ಲ.